ಗಿಡ್ಡ ನಳಿಗೆಯ ರಿವಾಲ್ವರ್, ಬೇರೆ ಬೇರೆ ತೋಟಾ: ಶೂಟಿಂಗ್ ರೇಂಜಿನಲ್ಲಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ (ಜಯನಗರದ ಸದಸ್ಯರು): ನಮಸ್ಕಾರ ಸರ್. ಬೆಂಗಳೂರು ನಗರ ಪೊಲೀಸ್ ಆಯುಕ್ತರ ಕಚೇರಿಯಿಂದ ಪರವಾನಗಿ ಪಡೆದು .32 ರಿವಾಲ್ವರ್ ಇಟ್ಟುಕೊಂಡಿದ್ದೇನೆ. ಅದರ ನಳಿಗೆ ಗಿಡ್ಡದು. ಹಳೆಯ ತೋಟಾ ಮುಗಿದು, ಹೆಚ್ಚು ಭಾರದ ಗುಂಡಿರುವ ಬೇರೆ ತಯಾರಿಕೆಯ ತೋಟಾ ತಂದ ಮೇಲೆ, ಅದೇ 10 ಮೀಟರ್ ದೂರದಲ್ಲಿ ಏಟುಗಳೆಲ್ಲ ಗುರಿಗಿಂತ ಮೇಲೆ ಬೀಳುತ್ತಿವೆ. ದೋಷ ನನ್ನ ಕೈಯದೋ, ರಿವಾಲ್ವರಿನದೋ, ತೋಟಾದ್ದೋ?

ಉತ್ತರ (ತರಬೇತುದಾರರು): ನಮಸ್ಕಾರ. ನೀವು ಹೇಳಿದ ಲಕ್ಷಣ ನೋಡಿದರೆ ಮೊದಲ ಅನುಮಾನ ತೋಟಾದ ಮೇಲೆಯೇ ಬರುತ್ತದೆ. ಭಾರದ ಗುಂಡು ಸಾಮಾನ್ಯವಾಗಿ ನಿಧಾನವಾಗಿ ಚಲಿಸುವುದರಿಂದ ನಳಿಗೆಯೊಳಗೆ ಕ್ಷಣಾಂಶದಷ್ಟು ಹೆಚ್ಚು ಹೊತ್ತು ಇರುತ್ತದೆ. ಅಷ್ಟರಲ್ಲಿ ಒದೆತಕ್ಕೆ ನಳಿಗೆಯ ಮೂತಿ ಮೇಲೆದ್ದಿರುತ್ತದೆ. 10 ಮೀಟರಿನಲ್ಲಿ ಗುಂಡು ಕೆಳಗಿಳಿಯುವುದು ಲೆಕ್ಕಕ್ಕೆ ಬಾರದಷ್ಟು ಅಲ್ಪವಾದ್ದರಿಂದ, ಮೇಲೆದ್ದ ಮೂತಿಯ ಪರಿಣಾಮವೇ ಕಾಗದದ ಮೇಲೆ ಕಾಣುತ್ತದೆ. ಸಣ್ಣ ರಿವಾಲ್ವರ್‌ಗಳ ಸೈಟ್ (ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತು) ಅನೇಕ ವೇಳೆ ಸರಿಪಡಿಸಲಾಗದಂತೆ ಸ್ಥಿರವಾಗಿರುವುದರಿಂದ, ಬಂದೂಕಿಗೆ ಒಪ್ಪುವ ತೋಟಾವನ್ನು ಹುಡುಕಿಕೊಳ್ಳುವುದೇ ದಾರಿ.

ಆದರೆ ಅನುಮಾನವನ್ನೇ ತೀರ್ಪೆಂದು ತಿಳಿಯಬೇಡಿ. ಮರಳುಚೀಲದ ಮೇಲೆ ಕೈಗಳನ್ನು ಊರಿ (ನಳಿಗೆಯನ್ನು ಊರಬಾರದು, ಊರಿದರೆ ಏಟಿನ ಜಾಗ ಬದಲಾಗುತ್ತದೆ), ಒಂದೊಂದು ಬಗೆಯ ತೋಟಾಗೆ ಪ್ರತ್ಯೇಕ ಕಾಗದ ಹಾಕಿ, ಐದೈದು ಏಟು ಹೊಡೆಯಿರಿ. ತಯಾರಿಕೆಯ ಲಾಟ್ ಸಂಖ್ಯೆಯನ್ನು ಕಾಗದದ ಮೇಲೆಯೇ ಬರೆಯಿರಿ. ಪರವಾನಗಿಯಲ್ಲಿ ನಮೂದಾದ ಮಿತಿಯೊಳಗೆ ತೋಟಾ ಕೊಳ್ಳುವವರು ಪರೀಕ್ಷೆಗೆ ಹೆಚ್ಚು ವ್ಯಯಿಸಲಾರರು, ಅದಕ್ಕಾಗಿ ಐದು ಎಂದೆ. ಎರಡೂ ಕಾಗದಗಳ ತೂತುಗಳ ಗುಂಪುಗಳು ಬಿಗಿಯಾಗಿದ್ದು ಎತ್ತರದಲ್ಲಿ ಮಾತ್ರ ಬೇರೆಯಾಗಿದ್ದರೆ ಕಾರಣ ತೋಟಾ. ತೂತುಗಳು ದುಂಡಗಿರದೆ ಉದ್ದುದ್ದವಾಗಿದ್ದರೆ ಗುಂಡು ಪಲ್ಟಿ ಹೊಡೆಯುತ್ತಿದೆ ಎಂದರ್ಥ. ಆಗ ನಳಿಗೆಯನ್ನು ಪರವಾನಗಿಯುಳ್ಳ ಬಂದೂಕು ದುರಸ್ತಿಗಾರರಿಗೆ ತೋರಿಸಬೇಕು. ಎರಡೂ ಗುಂಪುಗಳು ಚದುರಿದ್ದರೆ, ತರಬೇತುದಾರರ ಕೈಯಲ್ಲಿ ಸಿಡಿಯದ ಡಮ್ಮಿ ತೋಟಾಗಳನ್ನು ನಿಮಗೆ ಗೊತ್ತಾಗದಂತೆ ನಡುನಡುವೆ ತುಂಬಿಸಿಕೊಳ್ಳಿ. ಡಮ್ಮಿ ಬಂದಾಗ ಮೂತಿ ಕೆಳಕ್ಕೆ ಕುಕ್ಕಿದರೆ ಸದ್ದಿಗೆ ಅಂಜಿ ಕೈ ಅದುರುತ್ತಿದೆ ಎಂದು ತಿಳಿಯುತ್ತದೆ, ಮತ್ತು ಇದು ಅನುಭವಿಗಳಲ್ಲೂ ಕಂಡುಬರುವ ಅಭ್ಯಾಸ.

ಗಿಡ್ಡ ಬಂದೂಕಿನಿಂದ ಅತಿಯಾಗಿ ನಿರೀಕ್ಷಿಸಲೂಬಾರದು. ಹಿಂದಿನ ಹಾಗೂ ಮುಂದಿನ ಸೈಟ್‌ಗಳ ನಡುವೆ 100 ಮಿಲಿಮೀಟರ್ ಅಂತರವಿದ್ದರೆ, ಹೊಂದಿಸುವಾಗ ಆಗುವ 1 ಮಿಲಿಮೀಟರ್ ತಪ್ಪು 10 ಮೀಟರಿನಲ್ಲಿ 100 ಮಿಲಿಮೀಟರ್ ಆಗುತ್ತದೆ. ಅಂತರ 200 ಇದ್ದರೆ ಅದರ ಅರ್ಧ.

ಪ್ರಶ್ನೆ (ಮಲ್ಲೇಶ್ವರದ ಸದಸ್ಯರು): ಅಮೆರಿಕದವರ ವಿಡಿಯೊಗಳಲ್ಲಿ ಕಾಣುವ 9 ಎಂಎಂ ಸಣ್ಣ ಪಿಸ್ತೂಲನ್ನು ನಾವು ಪರೀಕ್ಷಿಸಬಹುದೇ?

ಉತ್ತರ: ಅಂಥ ಪಿಸ್ತೂಲಿಗೆ ಹಾಕುವ 9 ಎಂಎಂ ಪ್ಯಾರಾಬೆಲ್ಲಮ್ ತೋಟಾ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ) ವರ್ಗಕ್ಕೆ ಸೇರಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸಾಮಾನ್ಯ ಪರವಾನಗಿಯಲ್ಲಿ ಅದು ದೊರೆಯುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಸರ್, ನನ್ನದು .32 ಪಿಸ್ತೂಲು. ಮ್ಯಾಗಜೀನಿನಲ್ಲಿ ತೋಟಾ ಆಗಾಗ ಸಿಕ್ಕಿಕೊಳ್ಳುತ್ತದೆ. ರಿವಾಲ್ವರಿನ .32 ತೋಟಾ ಹಾಕಿ ನೋಡಬಹುದೇ?

ಉತ್ತರ: ಬೇಡ ಮೇಡಂ. ರಿವಾಲ್ವರಿಗೆ ಬಳಸುವ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಬೇರೆ, ಪಿಸ್ತೂಲಿಗೆಂದು ಬ್ರೌನಿಂಗ್ ರೂಪಿಸಿದ .32 ಎಸಿಪಿ ಬೇರೆ. ಎಸಿಪಿಯ ಒತ್ತಡ ಹೆಚ್ಚು. ತಿರುವುಮುರುವಾಗಿ, ಅದು ಕೆಲವು ರಿವಾಲ್ವರ್‌ಗಳ ತೋಟಾ ಕೂರುವ ಕೋಣೆಯೊಳಗೆ ಇಳಿಯುತ್ತದೆಯೆಂದು ಹಾಕುವುದು ಅಪಾಯಕರ. ನಿಮ್ಮ ತೊಂದರೆಗೆ ಕಾರಣ ಬಹುಶಃ ತೋಟಾದ ಬುಡದಲ್ಲಿ ಚೂರು ಹೊರಚಾಚಿರುವ ಅಂಚು. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಬಿದ್ದರೆ ಮ್ಯಾಗಜೀನ್ ಕಟ್ಟಿಕೊಳ್ಳುತ್ತದೆ. ಮೂತಿ ಟೊಳ್ಳಾದ ಗುಂಡಿನ ತೋಟಾಗಳು ಕೊಂಚ ಗಿಡ್ಡವಾಗಿರುವುದರಿಂದ ಮ್ಯಾಗಜೀನಿನೊಳಗೆ ಹಿಂದೆ ಮುಂದೆ ಜಾರಿ, ಈ ತೊಡಕು ಹೆಚ್ಚುತ್ತದೆ. ತುಂಬುವಾಗ ಪ್ರತಿ ತೋಟಾದ ಅಂಚೂ ಅದರ ಕೆಳಗಿನದರ ಅಂಚಿಗಿಂತ ಮುಂದೆ ಕೂರುವಂತೆ ನೋಡಿಕೊಳ್ಳಿ. ತಯಾರಕರು ಹೇಳಿದ ಪೂರ್ಣ ಉದ್ದದ, ಲೋಹದ ಹೊದಿಕೆಯ ಗುಂಡಿನ ತೋಟಾವನ್ನು ಮೊದಲು ಪರೀಕ್ಷಿಸಿ, ಆಮೇಲೆ ಮ್ಯಾಗಜೀನ್ ಬದಲಿಸುವ ಯೋಚನೆ ಮಾಡಿ.