ಬಡಾವಣೆ ಪಾರ್ಕಿಗೆ ಮೊದಲು ಏನು ಕೇಳಬೇಕು?

ದಾವಣಗೆರೆ ಅಮ್ಮ:
ನಮ್ಮ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗದಲ್ಲಿ ಇಷ್ಟು ವರ್ಷ ಪಾರ್ಥೇನಿಯಂ ಬಿಟ್ಟು ಬೇರೇನೂ ಬೆಳೆದಿಲ್ಲ. ಈ ಸಲ ಪಾಲಿಕೆಯವರು ಅಭಿವೃದ್ಧಿ ಮಾಡ್ತೀವಿ ಅಂದಿದ್ದಾರೆ. ಕೆಲವರಿಗೆ ಕಾರಂಜಿ ಬೇಕು, ಕೆಲವರಿಗೆ ಮೂಲೆಯಲ್ಲೊಂದು ಗುಡಿ. ನನ್ನ ಮಗನಿಗೆ ನಾಲ್ಕು ವರ್ಷ, ಅತ್ತೆಗೆ ಮಂಡಿನೋವು. ಇಬ್ಬರನ್ನೂ ಕರ್ಕೊಂಡು ಹೋಗಿ ಕೂರೋ ಹಾಗಿರಬೇಕು. ಏನು ಕೇಳಲಿ?

ಹೊಂಗೆಮರ:
ಅಕ್ಕಾ, ಕಾರಂಜಿ ಬೇಡವೇ ಬೇಡ. ಮೋಟಾರ್ ಕೆಟ್ಟ ಮರುದಿನದಿಂದ ಅದು ಸೊಳ್ಳೆ ತೊಟ್ಟಿ. ಆ ದುಡ್ಡಲ್ಲಿ ಶೌಚಾಲಯ, ಕುಡಿಯೋ ನೀರು ಕೇಳಿ. ಅವಿಲ್ಲದ ಕಡೆ ಹೆಂಗಸರು, ಸಕ್ಕರೆ ಕಾಯಿಲೆಯವರು ಹೆಚ್ಚು ಹೊತ್ತು ಕೂರೋದೇ ಇಲ್ಲ.

ನಮ್ಮ ಪಾರ್ಕಲ್ಲಿ ತಗಡಿನ ಜಾರುಬಂಡೆಯನ್ನು ಬಟ್ಟ ಬಯಲಲ್ಲಿ ನಿಲ್ಲಿಸಿದ್ರು. ಏಪ್ರಿಲ್ ಬಿಸಿಲಲ್ಲಿ ಮಗು ಕೂತ್ರೆ ತೊಡೆ ಚುರ್ ಅನ್ನೋದು. ಸಮಿತಿಯವರು ಸೇರಿ ಪಕ್ಕದಲ್ಲಿ ಹೊಂಗೆ ನೆಟ್ವಿ. ಯುಗಾದಿ ಹೊತ್ತಿಗೆ ಚಿಗುರಿ, ಬಿಸಿಲು ಏರೋವಾಗ ಸರಿಯಾಗಿ ನೆರಳು ಕೊಡುತ್ತೆ. ಗುಲ್‌ಮೊಹರ್ ನೋಡೋಕೆ ಚೆಂದ, ಆದ್ರೆ ಮಳೆಗಾಳಿಗೆ ಕೊಂಬೆ ಮುರಿದು ಬೀಳುತ್ತೆ. ಮಕ್ಕಳು ಆಡೋ ಕಡೆ ಹಾಕಿಸಬೇಡಿ.

ನಿಮ್ಮ ಅತ್ತೆಗೆ ಬೆನ್ನಿಗೆ ಆಸರೆ, ಪಕ್ಕದಲ್ಲಿ ಕೈ ಊರೋಕೆ ಹಿಡಿ ಇರೋ ಬೆಂಚು ಬೇಕು. ಬರೀ ಕಲ್ಲು ಹಾಸಿದ ಕಟ್ಟೆ ಮೇಲಿಂದ ಮಂಡಿನೋವಿನವರು ಏಳೋದು ಎಷ್ಟು ಕಷ್ಟ ಅಂತ ದಿನಾ ನೋಡ್ತೀನಿ. ಆ ಬೆಂಚು ಜಾರುಬಂಡೆಗೆ ಎದುರಿಗೇ ಇರಲಿ, ಕೂತಲ್ಲಿಂದಲೇ ಮೊಮ್ಮಗ ಕಾಣ್ತಾನೆ. ಸುತ್ತ ಎತ್ತರದ ಗೋಡೆ ಬೇಡ, ರಸ್ತೆಯಲ್ಲಿ ಹೋಗೋರಿಗೆ ಒಳಗೆ ಕಾಣೋ ಗ್ರಿಲ್ ಸಾಕು. ಸಂಜೆ ಹೆಣ್ಮಕ್ಕಳಿಗೆ ಅದೇ ಧೈರ್ಯ.

ಬಡಾವಣೆ ನಕ್ಷೆ:
ಗುಡಿ ವಿಷಯಕ್ಕೆ ಜಗಳ ಮಾಡ್ಕೋಬೇಡಿ ಮೇಡಂ. ಅನುಮೋದಿತ ಬಡಾವಣೆ ನಕ್ಷೆಯ ಪ್ರತಿ ತಗೊಳ್ಳಿ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಅದರ ಪಟ್ಟಿಯಲ್ಲಿ ನಿಮ್ಮ ಜಾಗ ಸೇರಿದೆಯಾ ಅಂತ ಪಾಲಿಕೆಯಲ್ಲಿ ಲಿಖಿತವಾಗಿ ಕೇಳಿ. ಸೇರಿದ್ರೆ ಮಂಜೂರಾತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸೋ ಹಾಗಿಲ್ಲ.

ದಾವಣಗೆರೆ ಅಮ್ಮ:
ತುಂಬಾ ಥ್ಯಾಂಕ್ಸ್. ಇನ್ನೊಂದು: ನಮ್ಮ ಸ್ತ್ರೀಶಕ್ತಿ ಸಂಘದವರಿಗೆ ಅಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮಾರೋ ಆಸೆ. ಆಗುತ್ತಾ?

ಹೊಂಗೆಮರ:
ಖಂಡಿತ ಪ್ರಯತ್ನಿಸಿ, ಆದ್ರೆ ಗೇಟಿನ ಹೊರಗೆ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರುತ್ತೆ, ಅಲ್ಲಿ ಅರ್ಜಿ ಹಾಕಿ. ಗಾಡಿ ಪಕ್ಕ ಕಸದ ಡಬ್ಬಿ ಇಡೋ ಹೊಣೆ ಸಂಘವೇ ಹೊತ್ಕೊಂಡ್ರೆ ಅಕ್ಕಪಕ್ಕದವರೂ ತಕರಾರು ಮಾಡಲ್ಲ.