ಗೇಮಿಂಗ್ ಪಿಸಿ ಬಿಸಿ, ಸಿಪಿಯು ನೂರು: ಗಣೇಶಣ್ಣನ ಹತ್ತಿರ ಕೇಳಿ

ಅಡ್ಮಿನ್ ರವಿ: ಇವತ್ತು ರಾತ್ರಿ 8ರಿಂದ 10ರವರೆಗೆ ಗಣೇಶಣ್ಣ ಗ್ರೂಪಿನಲ್ಲಿ ಇರುತ್ತಾರೆ. ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು, ಹೆಚ್ಚಿನವರಿಗೆ ಪರಿಚಯ ಉಂಟು. ವಿಷಯ ಒಂದೇ, ಗೇಮಿಂಗ್ ಪಿಸಿ ಬಿಸಿಯಾಗುವುದು ಮತ್ತು ಸಿಪಿಯು, ಅಂದರೆ ಪ್ರೊಸೆಸರ್, ಬಳಕೆ ಶೇಕಡಾ 100 ತೋರಿಸುವುದು. ದಯವಿಟ್ಟು ಶುಭರಾತ್ರಿಯ ಫೋಟೋ ಹಾಕಬೇಡಿ.

ಗಣೇಶಣ್ಣ: ನಮಸ್ಕಾರ. ಕೇಳುವಾಗ ಪ್ರೊಸೆಸರ್ ಯಾವುದು, ಡಿಗ್ರಿ ಎಷ್ಟು, ಆಟ ಆಡುವಾಗಲೋ ಸುಮ್ನೆ ಇಟ್ಟಾಗಲೋ, ಇಷ್ಟು ಬರೆಯಿರಿ. "ತುಂಬಾ ಬಿಸಿ" ಅಂದರೆ ನನಗೆ ಎಂತ ಗೊತ್ತಾಗಬೇಕು?

ಉದಯ, ಮುಳ್ಳೇರಿಯ: ಅಣ್ಣಾ, ಆಟ ಆಡುವಾಗ ತುಂಬಾ ಬಿಸಿ.

ಗಣೇಶಣ್ಣ: ಉದಯ, ಮೇಲಿನ ಮೆಸೇಜ್ ಓದು.

ಪ್ರದೀಪ, ಮಂಜೇಶ್ವರ: ಇಂಟೆಲ್ ಐ5 12400ಎಫ್ ಪ್ರೊಸೆಸರ್. ತಣ್ಣಗಿಡಲು ಅದರ ಬಾಕ್ಸಿನಲ್ಲೇ ಬಂದ ಫ್ಯಾನ್ ಕೂಲರ್. ಆಟ ಶುರು ಮಾಡಿ ಎರಡೇ ನಿಮಿಷಕ್ಕೆ 100 ಡಿಗ್ರಿ. ಆಮೇಲೆ ಆಟ ತಡವರಿಸುತ್ತದೆ. ಕಳೆದ ತಿಂಗಳು ಮದರ್‌ಬೋರ್ಡ್ ಬದಲಿಸಿದ ಮೇಲೆ ಹೀಗೆ.

ಗಣೇಶಣ್ಣ: ಕಾರಣ ನಿಮ್ಮ ಕೊನೆಯ ವಾಕ್ಯದಲ್ಲೇ ಉಂಟು. ಆ ಪ್ರೊಸೆಸರಿಗೆ 100 ಡಿಗ್ರಿ ಕಡೆಯ ಗೆರೆ. ಅಲ್ಲಿಗೆ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ತಡವರಿಸುವುದು ಅದಕ್ಕೇ. ಆದರೆ ಎರಡು ನಿಮಿಷಕ್ಕೆ 100 ಮುಟ್ಟುವುದು ಧೂಳಿನಿಂದ ಅಲ್ಲ, ಧೂಳಿನ ಬಿಸಿ ನಿಧಾನಕ್ಕೆ ಏರುತ್ತದೆ. ನಿಮ್ಮ ಕೂಲರ್ ಸರಿಯಾಗಿ ಕೂತಿಲ್ಲ. ಅದಕ್ಕೆ ನಾಲ್ಕು ಪ್ಲಾಸ್ಟಿಕ್ ಕಾಲು ಉಂಟು. ಒತ್ತಿದಾಗ ಟಕ್ ಅನ್ನಬೇಕು. ಒಂದು ಕಾಲು ಮೇಲೆ ನಿಂತರೂ ಕೂಲರ್ ಒಂದು ಬದಿಗೆ ವಾಲುತ್ತದೆ, ನೋಡುವಾಗ ಗೊತ್ತೇ ಆಗುವುದಿಲ್ಲ. ಕರೆಂಟ್ ತೆಗೆದು ಬೆರಳಿನಿಂದ ಮೆಲ್ಲ ಅಲ್ಲಾಡಿಸಿ. ಅಲ್ಲಾಡಿದರೆ ಪೂರ್ತಿ ತೆಗೆದು, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆ ಥರ್ಮಲ್ ಪೇಸ್ಟ್ ಒರೆಸಿ, ಒಂದು ಬಟಾಣಿ ಗಾತ್ರದ ಹೊಸ ಪೇಸ್ಟ್ ಹಾಕಿ ಕೂರಿಸಬೇಕು. ಎದುರು ಬದುರು ಮೂಲೆ ಒತ್ತಬೇಕು, ಸಾಲಾಗಿ ಅಲ್ಲ. ನೀವು ಕಡಲಿನ ಹತ್ತಿರ ಅಲ್ವಾ, ತೆಗೆದಾಗ ತುಕ್ಕು ಹಿಡಿದಿದೆಯಾ ಅದನ್ನೂ ನೋಡಿ.

ಕೃಷ್ಣ ಮಾಸ್ಟ್ರು, ನೀರ್ಚಾಲು: ನನಗೆ ಬಂದ ಉಪಯುಕ್ತ ಮಾಹಿತಿ, ಎಲ್ಲರಿಗೂ ಕಳುಹಿಸುತ್ತಿದ್ದೇನೆ. ಪೇಸ್ಟ್ ಇಲ್ಲದಿದ್ದರೆ ಬಿಳಿ ಟೂತ್‌ಪೇಸ್ಟ್ ಹಚ್ಚಿದರೂ ಸಾಕಂತೆ. ಸಿಪಿಯು ಡಬ್ಬದ ಬದಿಯ ತಗಡು ತೆಗೆದು ಪೆಡೆಸ್ಟಲ್ ಫ್ಯಾನ್ ಇಟ್ಟರೆ 20 ಡಿಗ್ರಿ ಇಳಿಯುತ್ತದಂತೆ. ಐಸ್ ಪ್ಯಾಕ್ ಕೂಡ ಇಡಬಹುದಂತೆ.

ಗಣೇಶಣ್ಣ: ಮಾಸ್ಟ್ರೇ, ಟೂತ್‌ಪೇಸ್ಟಿನಲ್ಲಿ ನೀರು ಉಂಟು. ಬಿಸಿಗೆ ನಾಲ್ಕು ದಿನದಲ್ಲಿ ಒಣಗಿ ಸುಣ್ಣದ ಹಾಗೆ ಬಿರಿಯುತ್ತದೆ. ಆಮೇಲೆ ಮೊದಲಿಗಿಂತ ಜಾಸ್ತಿ ಬಿಸಿ. ಐಸ್ ಪ್ಯಾಕ್ ಅಂತೂ ಬೇಡವೇ ಬೇಡ. ನಮ್ಮ ಊರಿನ ಸೆಕೆಗೆ ಐಸಿನ ಹೊರಗೆ ನೀರು ಹನಿ ಕಟ್ಟುತ್ತದೆ, ಆ ಹನಿ ಬೋರ್ಡಿನ ಮೇಲೆ ಬೀಳುತ್ತದೆ. ತಗಡು ತೆಗೆದು ನೋಡುವುದು ಪರೀಕ್ಷೆಗೆ ಒಳ್ಳೆಯದು. ತೆಗೆದಾಗ 10 ಡಿಗ್ರಿ ಇಳಿದರೆ ಡಬ್ಬಕ್ಕೆ ಗಾಳಿ ಸಾಲುವುದಿಲ್ಲ ಅಂತ ಅರ್ಥ. ಆದರೆ ಹಾಗೇ ಬಿಟ್ಟರೆ ಹಲ್ಲಿ ಒಳಗೆ ಸಂಸಾರ ಮಾಡುತ್ತದೆ.

ಶಾಲಿನಿ, ಕುಂಬಳೆ: ನಮಸ್ತೆ ಗಣೇಶಣ್ಣ. ಮಗನ ಗೇಮಿಂಗ್ ಪಿಸಿ, ಅದೂ 12400ಎಫ್, ವಿಂಡೋಸ್ 11. ನಮ್ಮದು ಆಟ ಆಡದಿದ್ದರೂ ಫ್ಯಾನ್ ಜೋರು ಕೂಗುತ್ತದೆ. ರಾತ್ರಿ ಎಲ್ಲ ಮಲಗಿದ ಮೇಲೆ ಮಿಕ್ಸಿ ತಿರುಗಿದ ಹಾಗೆ. ಆದರೆ ಏನು ಓಡುತ್ತಾ ಉಂಟು ಅಂತ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಶೇಕಡಾ 3, 4 ಅಷ್ಟೇ. ಫ್ಯಾನ್ ಕೂಡ ಇಳಿಯುತ್ತದೆ. ಮುಚ್ಚಿದ ಸ್ವಲ್ಪ ಹೊತ್ತಿಗೆ ಪುನಃ ಶುರು. ಫ್ಯಾನ್ ಹಾಳಾಗಿದೆಯಾ?

ಚೈತ್ರ, ಬದಿಯಡ್ಕ: ಅಣ್ಣ, ಲ್ಯಾಪ್‌ಟಾಪಿನಲ್ಲಿ ಆಡುವಾಗ 95 ಡಿಗ್ರಿ. ಬೇರೆ ಉಪಾಯ ಉಂಟಾ?

ಗಣೇಶಣ್ಣ: ಚೈತ್ರ, ಪವರ್ ಆಪ್ಶನ್ಸಿನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ಟರ್ಬೊ, ಅಂದರೆ ಪ್ರೊಸೆಸರ್ ತಾನೇ ವೇಗ ಏರಿಸುವುದು, ನಿಲ್ಲುತ್ತದೆ, ಬಿಸಿ ಇಳಿಯುತ್ತದೆ. ಆಟ ಸ್ವಲ್ಪ ನಿಧಾನ ಆದೀತು. ಸ್ಕ್ರೀನ್ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವುದು, ಆದರೆ ಆಟದ ಫ್ರೇಮನ್ನೂ 60ಕ್ಕೆ ನಿಲ್ಲಿಸಿ. ಕಣ್ಣಿಗೆ ಕಾಣದ 200 ಫ್ರೇಮಿಗೆ ಸುಮ್ನೆ ದುಡಿಸುವುದು ಯಾಕೆ.

ಗಣೇಶಣ್ಣ: ಶಾಲಿನಿ ಅಕ್ಕ, ಫ್ಯಾನ್ ಚೆನ್ನಾಗಿಯೇ ಉಂಟು. ನಿಮ್ಮದು ನನಗೆ ಸ್ವಲ್ಪ ಹೆದರಿಕೆ ಆಯಿತು. ಮೂರು ಪ್ರಶ್ನೆ. ವಿಂಡೋಸ್ ಸೆಕ್ಯೂರಿಟಿ ಪೇಜ್ ತೆರೆಯುತ್ತದಾ? ವಿಂಡೋಸ್ ಅಪ್‌ಡೇಟ್ ಕೊನೆಗೆ ಯಾವಾಗ ಬಂತು? ಮಗ ದುಡ್ಡು ಕೊಡದೆ ಯಾವುದಾದರೂ ಆಟ ಹಾಕಿದ್ದಾನಾ?

ಉದಯ, ಮುಳ್ಳೇರಿಯ: ಇಂಟೆಲ್ ತೆಗೆದರೆ ಇದೇ ಗತಿ. ಎಎಂಡಿ ತೆಗೆದುಕೊಳ್ಳಿ ಅಕ್ಕ, ತಣ್ಣಗೆ ಇರುತ್ತದೆ.

ಹನೀಫ್, ಉಪ್ಪಳ: ಹೌದಾ? ಎಎಂಡಿಯ ರೈಜೆನ್ 7000ದವು 95 ಡಿಗ್ರಿಯಲ್ಲೇ ಓಡುವ ಹಾಗೆ ಮಾಡಿದ್ದು, ಕಂಪನಿಯೇ ಹೇಳಿದೆ. ಅದು ತಣ್ಣಗೆಯಾ?

ಉದಯ, ಮುಳ್ಳೇರಿಯ: ಅದು ಜೋರು ಲೋಡ್ ಕೊಟ್ಟಾಗ ಮಾತ್ರ. ಗೊತ್ತಿಲ್ಲದೆ ಮಾತಾಡಬೇಡಿ.

ಹನೀಫ್, ಉಪ್ಪಳ: ಗೊತ್ತಿರುವವರು ಡಿಗ್ರಿ ಬರೆಯದೆ ಪ್ರಶ್ನೆ ಕೇಳುತ್ತಾರಾ?

ಶಾಲಿನಿ, ಕುಂಬಳೆ: ಸೆಕ್ಯೂರಿಟಿ ಪೇಜ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಅಪ್‌ಡೇಟ್ ಮೂರು ತಿಂಗಳಿಂದ ಇಲ್ಲ. ಆಟದ ವಿಷಯ ಕೇಳಿದೆ, ಮಾತಾಡದೆ ಕೂತಿದ್ದಾನೆ. ಪೆನ್‌ಡ್ರೈವಿನಲ್ಲಿ ಯಾರೋ ಕೊಟ್ಟದ್ದಂತೆ.

ಗಣೇಶಣ್ಣ: ಮಾತಾಡದೆ ಕೂತದ್ದೇ ಉತ್ತರ. ಅಕ್ಕ, ಈಗ ಟಾಸ್ಕ್ ಮ್ಯಾನೇಜರ್ ಮುಚ್ಚಿ. ಫ್ಯಾನ್ ಜೋರಾಗುವವರೆಗೆ ಕಾಯಿರಿ. ಆಮೇಲೆ ಇಂಟರ್‌ನೆಟ್ ಕೇಬಲ್ ಎಳೆಯಿರಿ, ವೈಫೈ ಇದ್ದರೆ ಆಫ್. ಬೇರೆ ಏನೂ ಮುಟ್ಟಬೇಡಿ. ಫ್ಯಾನ್ ಶಬ್ದ ಏನಾಯಿತು ಹೇಳಿ.

ಕೃಷ್ಣ ಮಾಸ್ಟ್ರು, ನೀರ್ಚಾಲು: ನನ್ನದರಲ್ಲಿ ಸಿಸ್ಟಮ್ ಐಡಲ್ ಪ್ರೋಸೆಸ್ ಅಂತ ಒಂದು 96 ತಿನ್ನುತ್ತಾ ಉಂಟು. ಎಂಡ್ ಟಾಸ್ಕ್ ಕೊಟ್ಟರೂ ಹೋಗುವುದಿಲ್ಲ. ವೈರಸ್ಸಾ?

ಗಣೇಶಣ್ಣ: ಅದು ಖಾಲಿ ಕೂತ ಲೆಕ್ಕ ಮಾಸ್ಟ್ರೇ. ನೂರರಲ್ಲಿ 96 ಪಾಲು ಕೆಲಸ ಇಲ್ಲ ಅಂತ. ಬಿಟ್ಟುಬಿಡಿ.

ಶಾಲಿನಿ, ಕುಂಬಳೆ: ಕೇಬಲ್ ಎಳೆದೆ. ಒಂದು ನಿಮಿಷ ಆಗಲಿಲ್ಲ, ಫ್ಯಾನ್ ಸುಮ್ಮನಾಯಿತು! ಇದೆಂತ ಅಣ್ಣ?

ಗಣೇಶಣ್ಣ: ನಾನು ಅಂದಾಜು ಮಾಡಿದ್ದೇ ಆಯಿತು. ನಿಮ್ಮ ಪಿಸಿಯಲ್ಲಿ ಯಾರೋ ಮೈನಿಂಗ್ ಮಾಡುತ್ತಿದ್ದಾರೆ, ನೂರಕ್ಕೆ ತೊಂಬತ್ತು ಖಂಡಿತ. ಕ್ರಿಪ್ಟೊ ದುಡ್ಡು ಹುಟ್ಟಿಸುವ ಲೆಕ್ಕವನ್ನು ನಿಮ್ಮ ಪ್ರೊಸೆಸರ್ ಮಾಡುತ್ತದೆ, ದುಡ್ಡು ಎಲ್ಲಿಯೋ ಇರುವವನಿಗೆ. ಹೆಚ್ಚಾಗಿ ಮೊನೆರೊ ಅನ್ನುವ ನಾಣ್ಯ, ಅದನ್ನು ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಸಿಪಿಯುನಲ್ಲೇ ಮಾಡಬಹುದು. ಟಾಸ್ಕ್ ಮ್ಯಾನೇಜರ್ ತೆರೆದದ್ದು ಕಂಡರೆ ಅಡಗುತ್ತದೆ, ಬೆಕ್ಕು ಬಂದಾಗ ಇಲಿ ಅಡಗಿದ ಹಾಗೆ. ನೆಟ್ ಇಲ್ಲದಿದ್ದರೆ ಅದಕ್ಕೆ ಲೆಕ್ಕ ಕೊಡುವವರಿಲ್ಲ, ಹಾಗಾಗಿ ನಿಂತಿತು.

ಇದು ಹೊಸತಲ್ಲ. 2021ರಲ್ಲಿ ಆಂಟಿವೈರಸ್ ಕಂಪನಿ ಅವಾಸ್ಟ್‌ನವರು ಕ್ರಾಕೊನೋಶ್ ಅಂತ ಇಂಥದ್ದೇ ಒಂದನ್ನು ಹಿಡಿದರು. ಪುಕ್ಕಟೆ ಆಟದ ಒಳಗೆ ಕೂತು ಬರುತ್ತಿತ್ತು. ಮೊದಲು ಡಿಫೆಂಡರ್, ಅಂದರೆ ವಿಂಡೋಸಿನದ್ದೇ ಆಂಟಿವೈರಸ್, ತೆಗೆಯುವುದು, ಅಪ್‌ಡೇಟ್ ನಿಲ್ಲಿಸುವುದು, ಆಮೇಲೆ ಮೈನಿಂಗ್. ಎರಡು ಲಕ್ಷಕ್ಕಿಂತ ಜಾಸ್ತಿ ಕಂಪ್ಯೂಟರಿನಲ್ಲಿ ಇತ್ತು. ನಿಮ್ಮದು ಅದೇ ಅಂತ ಹೇಳುವುದಲ್ಲ, ಜಾತಿ ಅದೇ.

ಕರೆಂಟ್ ಬಿಲ್ ನೋಡಿದ್ದೀರಾ? ಪಿಸಿ ರಾತ್ರಿಯೂ ಆನ್ ಇರುತ್ತದಾ?

ಶಾಲಿನಿ, ಕುಂಬಳೆ: ಹೌದು, ಡೌನ್‌ಲೋಡ್ ಅಂತ ಆಫ್ ಮಾಡುವುದಿಲ್ಲ. ಬಿಲ್ ಈ ಸಲ ಜಾಸ್ತಿ. ಫ್ರಿಜ್ಜಿನ ಮೇಲೆ ಸಂಶಯ ಮಾಡಿ ಮೆಕ್ಯಾನಿಕ್ಕನ್ನೂ ಕರೆಸಿದೆವು.

ಗಣೇಶಣ್ಣ: ಪಾಪ ಫ್ರಿಜ್ಜು. ಮೈನಿಂಗಿಗೆ 80 ವ್ಯಾಟ್ ಜಾಸ್ತಿ ಅಂತ ಇಡಿ. ರಾತ್ರಿ 10 ಗಂಟೆ ಓಡಿದರೆ 800 ವ್ಯಾಟ್ ಅವರ್. ಎರಡು ತಿಂಗಳ ಬಿಲ್ಲಿಗೆ 48 ಯೂನಿಟ್. ಹಗಲಿನದ್ದು ಬೇರೆ.

ಆದರೆ ನನಗೆ ಬಿಲ್ಲಿನ ಚಿಂತೆ ಅಲ್ಲ. ಆ ಪಿಸಿಯಲ್ಲಿ ನೀವು ಬ್ಯಾಂಕ್ ನೋಡುತ್ತೀರಾ?

ಹನೀಫ್, ಉಪ್ಪಳ: ಇದನ್ನೆಲ್ಲ ಮಾರಿದ ಅಂಗಡಿಯವ ಹಾಕಿದ್ದಿರಬಹುದು. ನಾನು ಯಾವಾಗಲೂ ಮಂಗಳೂರಿನಿಂದಲೇ ತರುವುದು.

ಉದಯ, ಮುಳ್ಳೇರಿಯ: ಊರಿನ ಅಂಗಡಿಯವರು ಕಳ್ಳರು ಅಂತಲಾ? ಗಣೇಶಣ್ಣನ ಎದುರೇ ಹೇಳುವುದಾ?

ಹನೀಫ್, ಉಪ್ಪಳ: ಅವರ ಹೆಸರು ನಾನು ಎತ್ತಿದೆನಾ? ನೀವು ಎತ್ತಿದ್ದು.

ಚೈತ್ರ, ಬದಿಯಡ್ಕ: ಇಬ್ಬರೂ ಬೇರೆ ಹೋಗಿ ಮಾತಾಡಿ ಮಾರಾಯ್ರೆ. ಅಕ್ಕನ ಬ್ಯಾಂಕಿನ ವಿಷಯ ನಡೆಯುತ್ತಾ ಉಂಟು.

ಶಾಲಿನಿ, ಕುಂಬಳೆ: ನೆಟ್ ಬ್ಯಾಂಕಿಂಗ್ ಅದರಲ್ಲೇ. ಮಗಳ ಫೀಸ್ ಕಟ್ಟುವುದೂ ಅದರಲ್ಲೇ. ಪಾಸ್‌ವರ್ಡ್ ಬ್ರೌಸರಿನಲ್ಲಿ ಸೇವ್ ಉಂಟು.

ಗಣೇಶಣ್ಣ: ಹಾಗಾದರೆ ಈ ರಾತ್ರಿಯೇ ಮಾಡಿ. ಡಿಫೆಂಡರ್ ತೆಗೆಯುವಷ್ಟು ಅಧಿಕಾರ ಅದಕ್ಕೆ ಸಿಕ್ಕಿದೆ ಅಂದರೆ ಸೇವ್ ಮಾಡಿದ ಪಾಸ್‌ವರ್ಡ್ ಓದಲಿಕ್ಕೂ ಸಿಕ್ಕಿದೆ. ಓದಿದೆ ಅಂತ ಹೇಳುವುದಿಲ್ಲ, ಓದಿದ ಹಾಗೇ ನಡೆದುಕೊಳ್ಳಬೇಕು. ಕೇಬಲ್ ಪುನಃ ಹಾಕಬೇಡಿ. ನಿಮ್ಮ ಫೋನಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಬ್ಯಾಂಕಿನದ್ದು. ಇಮೇಲ್ ಕೈ ತಪ್ಪಿದರೆ ಉಳಿದದ್ದೆಲ್ಲ ಅದರ ಹಿಂದೆ ಹೋಗುತ್ತದೆ. ಮಗನ ಗೇಮ್ ಅಕೌಂಟೂ ಬದಲಿಸಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ಮೂರು ತಿಂಗಳದ್ದು ನೋಡಿ. ನೀವು ಮಾಡದ ಒಂದು ರೂಪಾಯಿ ಹೋಗಿದ್ದರೂ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಿಸಿಯನ್ನು ಸ್ಕ್ಯಾನ್ ಮಾಡಿ ಬಿಡುವುದು ಸಾಲದು, ವಿಂಡೋಸ್ ಪೂರ್ತಿ ಅಳಿಸಿ ಹೊಸತಾಗಿ ಹಾಕಬೇಕು. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಸೈಟಿನಿಂದಲೇ ಇಳಿಸಿ 8 ಜಿಬಿ ಪೆನ್‌ಡ್ರೈವಿಗೆ ಹಾಕಿ. ಫೋಟೋ, ಮಗಳ ಶಾಲೆಯ ಫೈಲ್ ಮಾತ್ರ ತೆಗೆದಿಡಿ. ಆಟದ ಫೋಲ್ಡರಿನಿಂದ ಒಂದು ಕಡ್ಡಿಯೂ ಬೇಡ.

ಕೃಷ್ಣ ಮಾಸ್ಟ್ರು, ನೀರ್ಚಾಲು: ಇದಕ್ಕೆಲ್ಲ ಮೂಲ ಈ ಆಟಗಳು. ನಮ್ಮ ಕಾಲದಲ್ಲಿ ಮಕ್ಕಳು ಗದ್ದೆಯಲ್ಲಿ ಆಡುತ್ತಿದ್ದರು. ಆಟ ಇಲ್ಲದಿದ್ದರೆ ಬಿಸಿಯೂ ಇಲ್ಲ.

ಚೈತ್ರ, ಬದಿಯಡ್ಕ: ಮಾಸ್ಟ್ರೇ, ನೀವು ಮೊಬೈಲಿನಲ್ಲಿ ಇಸ್ಪೀಟು ಆಡುವುದಿಲ್ವಾ?

ಕೃಷ್ಣ ಮಾಸ್ಟ್ರು, ನೀರ್ಚಾಲು: ಅದು ಬುದ್ಧಿಗೆ ವ್ಯಾಯಾಮ. ದೊಡ್ಡವರ ಹತ್ತಿರ ಹೀಗೆ ಮಾತಾಡುವುದನ್ನೂ ಆ ಆಟಗಳೇ ಕಲಿಸಿದ್ದು.

ಹನೀಫ್, ಉಪ್ಪಳ: ಗಣೇಶಣ್ಣ, ನನ್ನ ಪ್ರಶ್ನೆ. ಹಳೆ ಐ9 13900ಕೆ ಕಡಿಮೆಗೆ ಸಿಗುತ್ತದೆ. ತೆಗೆದುಕೊಳ್ಳಬಹುದಾ?

ಗಣೇಶಣ್ಣ: ಕಡಿಮೆಗೆ ಯಾಕೆ ಕೊಡುತ್ತಾರೆ ಅಂತ ಮೊದಲು ಕೇಳಿ. 13, 14ನೇ ಪೀಳಿಗೆಯ ದೊಡ್ಡ ಚಿಪ್‌ಗಳಿಗೆ ವೋಲ್ಟೇಜ್ ಜಾಸ್ತಿ ಹೋಗಿ ಆಟ ಮಧ್ಯದಲ್ಲಿ ನಿಲ್ಲುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಒಪ್ಪಿಕೊಂಡು ಬಯೋಸ್, ಅಂದರೆ ಮದರ್‌ಬೋರ್ಡಿನ ಒಳಗಿನ ಸಾಫ್ಟ್‌ವೇರ್, ಮೂಲಕ ಸರಿ ಮಾಡಿತು, ವಾರಂಟಿಯನ್ನೂ ಎರಡು ವರ್ಷ ಮುಂದೆ ಹಾಕಿತು. ಆದರೆ ಮೊದಲೇ ಸವೆದ ಚಿಪ್ಪನ್ನು ಬಯೋಸ್ ಸರಿ ಮಾಡುವುದಿಲ್ಲ. ಬಿಲ್ ಇದ್ದರೆ, ಎದುರೇ ಎರಡು ಗಂಟೆ ಆಡಿಸಿ ತೋರಿಸಿದರೆ ನೋಡಿ. ಇಲ್ಲದಿದ್ದರೆ ಬೇಡ.

ಪ್ರದೀಪ, ಮಂಜೇಶ್ವರ: ಅಣ್ಣ, ಒಂದು ಕಾಲು ನಿಜವಾಗಿಯೂ ಎದ್ದಿತ್ತು! ಪೇಸ್ಟ್ ನಾಳೆ ತರುತ್ತೇನೆ. ಅಲ್ಲಿಯವರೆಗೆ ಆಡಬಹುದಾ?

ಗಣೇಶಣ್ಣ: ಬೇಡ.

ಜಯಂತಿ, ಸೀತಂಗೋಳಿ: ನಮ್ಮ ಸಿಪಿಯು ಕೂಡ 100 ತೋರಿಸುತ್ತದೆ, ಏನು ಮಾಡುವುದು?

ಗಣೇಶಣ್ಣ: ಮೇಲೆ ಬರೆದಿದ್ದೇನೆ.

ಜಯಂತಿ, ಸೀತಂಗೋಳಿ: ಮೇಲೆ ತುಂಬಾ ಉಂಟು ಸರ್. ಹೊಸ ಆಟ ಮೊದಲ ಸಲ ತೆರೆದಾಗ ಮಾತ್ರ, ಐದು ನಿಮಿಷ.

ಗಣೇಶಣ್ಣ: ಶೇಡರ್, ಅಂದರೆ ಆಟದ ಬೆಳಕು, ನೆರಳು ಬಿಡಿಸುವ ಚಿಕ್ಕ ಪ್ರೋಗ್ರಾಂ, ತಯಾರು ಮಾಡುವುದು. ಮಾಮೂಲು. ಮುಗಿದರೆ ಇಳಿಯುತ್ತದೆ.

ಉದಯ, ಮುಳ್ಳೇರಿಯ: ನನ್ನದು 88 ಡಿಗ್ರಿ ಅಣ್ಣ, ರೈಜೆನ್ 5. ಎರಡು ವರ್ಷ ಕ್ಲೀನ್ ಮಾಡಲಿಲ್ಲ. ಅಡಿಕೆ ಸುಲಿಯುವ ಚಾವಡಿಯ ಪಕ್ಕದ ಕೋಣೆ.

ಹನೀಫ್, ಉಪ್ಪಳ: ತಣ್ಣಗೆ ಇರುತ್ತದೆ ಅಂದಿರಿ?

ಗಣೇಶಣ್ಣ: ಹನೀಫ್, ಸಾಕು. ಉದಯ, ಎರಡು ವರ್ಷದ ಅಡಿಕೆ ಸಿಪ್ಪೆಯ ಧೂಳು ಕೂಲರಿನ ಸಂದಿಯಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಅಂಗಳಕ್ಕೆ ತಂದು ಬ್ಲೋವರಿನಲ್ಲಿ ಊದು. ಊದುವಾಗ ಫ್ಯಾನಿನ ರೆಕ್ಕೆ ಬೆರಳಿನಲ್ಲಿ ಹಿಡಿದಿರು, ಗಾಳಿಗೆ ವಿಪರೀತ ತಿರುಗಿದರೆ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡ. ಪಿಸಿಯನ್ನು ಆ ಕೋಣೆಯಿಂದ ತೆಗೆ.

ಜಯಂತಿ, ಸೀತಂಗೋಳಿ: ಸರ್, ಪ್ರಿಂಟರಿನಲ್ಲಿ ಗೆರೆ ಬರುತ್ತದೆ, ಅದಕ್ಕೆ?

ಕೃಷ್ಣ ಮಾಸ್ಟ್ರು, ನೀರ್ಚಾಲು: ಇನ್ನೊಂದು ಮಾಹಿತಿ ಬಂದಿದೆ. ಟೆಂಪ್, ಪ್ರಿಫೆಚ್ ಅಂತ ಎರಡು ಫೋಲ್ಡರ್ ದಿನಾ ಖಾಲಿ ಮಾಡಿದರೆ ಬಿಸಿ ಅರ್ಧ ಇಳಿಯುತ್ತದಂತೆ.

ಗಣೇಶಣ್ಣ: ಮಾಸ್ಟ್ರೇ, ಅದನ್ನು ಬರೆದವರಿಗೇ ಫಾರ್ವರ್ಡ್ ಮಾಡಿ. ಫೋಲ್ಡರಿಗೂ ಬಿಸಿಗೂ ಸಂಬಂಧ ಇಲ್ಲ.

ಕೃಷ್ಣ ಮಾಸ್ಟ್ರು, ನೀರ್ಚಾಲು: ಒಳ್ಳೆಯದಕ್ಕೆ ಹೇಳಿದ್ದು. ಇನ್ನು ಹೇಳುವುದಿಲ್ಲ.

ಅಡ್ಮಿನ್ ರವಿ: 10 ಗಂಟೆ ಆಯಿತು. ಗಣೇಶಣ್ಣನಿಗೆ ಧನ್ಯವಾದ. ಗ್ರೂಪ್ ಸ್ವಲ್ಪ ಹೊತ್ತಿನಲ್ಲಿ ಮುಚ್ಚುತ್ತೇನೆ.

ಶಾಲಿನಿ, ಕುಂಬಳೆ: ಇಮೇಲ್, ಬ್ಯಾಂಕ್ ಎರಡೂ ಬದಲಿಸಿದೆ. ಸ್ಟೇಟ್‌ಮೆಂಟಿನಲ್ಲಿ ಹೊಸತು ಏನೂ ಕಾಣಲಿಲ್ಲ. ನಾಳೆ ಅಂಗಡಿಗೆ ತರಬಹುದಾ ಅಣ್ಣ? ವಿಂಡೋಸ್ ಹಾಕುವುದು ನನ್ನಿಂದ ಆಗದು.

ಗಣೇಶಣ್ಣ: ತನ್ನಿ. ಡಬ್ಬ ಮಾತ್ರ ಸಾಕು, ಮಾನಿಟರ್ ಬೇಡ. ಬಸ್ಸಿನಲ್ಲಾದರೆ ಮಡಿಲಲ್ಲಿ ಇಟ್ಟುಕೊಳ್ಳಿ. ಮಗನನ್ನೂ ಕರೆದುಕೊಂಡು ಬನ್ನಿ, ಬೈಯುವುದಿಲ್ಲ, ಯಾವ ಫೈಲ್ ಓಡಿಸಿದ ಅಂತ ತಿಳಿಯಬೇಕು. ಮತ್ತೆ ಆ ಪೆನ್‌ಡ್ರೈವ್ ಮರೆಯಬೇಡಿ.

ಶಾಲಿನಿ, ಕುಂಬಳೆ: ಪೆನ್‌ಡ್ರೈವ್ ಇಲ್ಲಿ ಇಲ್ಲವಂತೆ. ಮೊನ್ನೆ ಪೆರ್ಲದಲ್ಲಿ ನನ್ನ ಅಕ್ಕನ ಮಗನಿಗೆ ಕೊಟ್ಟಿದ್ದಾನೆ.

ಗಣೇಶಣ್ಣ: ಈಗಲೇ ಫೋನ್ ಮಾಡಿ.