ಗಡಿಯಾಚೆಯ ಅಮ್ಮನವರು: ಯಾವ ಶಕ್ತಿಪೀಠಕ್ಕೆ ಹೋಗಬಹುದು, ಯಾವುದಕ್ಕೆ ಆಗಲ್ಲ?

ಎಲ್ಲರಿಗೂ ನಮಸ್ಕಾರ. ಕನ್ನಡದವರ ಯಾತ್ರಾ ತಂಡಗಳನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಇಲ್ಲೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ (ಮೈಸೂರಿನಿಂದ): ನಮ್ಮ ಅಮ್ಮನಿಗೆ 67 ವರ್ಷ. ದಿನಾ ಬೆಳಿಗ್ಗೆ ಅಷ್ಟಾದಶ ಶಕ್ತಿಪೀಠ ಸ್ತೋತ್ರ ಹೇಳುತ್ತಾರೆ. ಹೊರದೇಶದಲ್ಲಿರುವ ಪೀಠಗಳನ್ನೂ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ನೇಪಾಳ, ಲಂಕೆ, ಬಾಂಗ್ಲಾ, ಪಾಕಿಸ್ತಾನ ಎಲ್ಲಾ ಒಂದೇ ಪ್ಯಾಕೇಜಿನಲ್ಲಿ ಆಗುತ್ತಾ?

ಉತ್ತರ: ಆಗುವುದಿಲ್ಲ. ಆಗುತ್ತೆ ಅಂದವರಿಗೆ ಅಡ್ವಾನ್ಸ್ ಕೊಡಬೇಡಿ.

ಅಮ್ಮನಿಗೆ ಮೊದಲು ಒಂದು ವಿಷಯ ಹೇಳಿ. ಅವರು ಹೇಳುವ ಸ್ತೋತ್ರದ ಪಟ್ಟಿಯೇ ಬೇರೆ, ಜನ ಮಾತಾಡುವ 51 ಪೀಠಗಳ ಪಟ್ಟಿಯೇ ಬೇರೆ. ನೇಪಾಳದ ಗುಹ್ಯೇಶ್ವರಿ, ಪಾಕಿಸ್ತಾನದ ಹಿಂಗ್ಲಾಜ್, ಬಾಂಗ್ಲಾದ ಪೀಠಗಳು ಇವೆಲ್ಲ 51ರ ಲೆಕ್ಕದವು. ಹದಿನೆಂಟರ ಸ್ತೋತ್ರ ಶುರುವಾಗುವುದೇ 'ಲಂಕಾಯಾಂ ಶಾಂಕರೀ ದೇವೀ' ಅಂತ. ಎರಡನೇ ಸಾಲಿನಲ್ಲಿ 'ಚಾಮುಂಡೀ ಕ್ರೌಂಚಪಟ್ಟಣೇ' ಬರುತ್ತದೆ, ಅದು ನಿಮ್ಮೂರಿನ ಬೆಟ್ಟವೇ! ಕೊನೆಗೆ 'ಕಾಶ್ಮೀರೇಷು ಸರಸ್ವತೀ'. ಆ ಮೂಲ ಶಾರದಾಪೀಠ ಈಗ ಗಡಿ ನಿಯಂತ್ರಣ ರೇಖೆಯ ಆಚೆ ಇದೆ. ಉಳಿದ ಪೀಠಗಳೆಲ್ಲ ಕಂಚಿ, ಕೊಲ್ಹಾಪುರ, ಶ್ರೀಶೈಲ, ಕಾಶಿ ಅಂತ ನಮ್ಮಲ್ಲೇ ಇವೆ. ಅಂದರೆ ಅಮ್ಮನ ಸ್ತೋತ್ರಕ್ಕೆ ವಿದೇಶ ಪ್ರವಾಸ ಅಂತ ಬೇಕಿರುವುದು ಲಂಕೆ ಒಂದೇ.

ಪ್ರಶ್ನೆ (ಅವರದೇ): ಲಂಕೆಯಲ್ಲಿ ಎಲ್ಲಿ? ಕೊಲಂಬೊ ಹತ್ತಿರಾನಾ?

ಉತ್ತರ: ಅಲ್ಲ, ದ್ವೀಪದ ಆಚೆ ಮಗ್ಗುಲು. ಪೂರ್ವ ತೀರದ ತ್ರಿಂಕೋಮಲಿ. ಕೊಲಂಬೊದಿಂದ ರಸ್ತೆಯಲ್ಲಿ ಹೆಚ್ಚುಕಡಿಮೆ ಒಂದು ಹಗಲು ಇಟ್ಟುಕೊಳ್ಳಿ. ಕಡಲಿನಿಂದ ನೆಟ್ಟಗೆ ಎದ್ದ ಬಂಡೆಯ ತುದಿಯಲ್ಲಿ ಕೋಣೇಶ್ವರ ದೇವಸ್ಥಾನ, ಅದರ ಪಕ್ಕದಲ್ಲೇ ಶಾಂಕರಿ ದೇವಿಯ ಗುಡಿ. ಹಳೆಯ ದೊಡ್ಡ ದೇವಾಲಯವನ್ನು ಪೋರ್ಚುಗೀಸರು 1620ರ ದಶಕದಲ್ಲಿ ಕೆಡವಿ, ಅದರ ಕಲ್ಲುಗಳನ್ನೇ ಬಳಸಿ ಕೋಟೆ ಕಟ್ಟಿಕೊಂಡರು. ಈಗಲೂ ಆ ಕೋಟೆಯ ಒಳಗಿಂದಲೇ ದೇವಸ್ಥಾನಕ್ಕೆ ಹೋಗಬೇಕು. ದಾರಿಯುದ್ದಕ್ಕೂ ಜಿಂಕೆಗಳು ಸುಮ್ನೆ ಓಡಾಡಿಕೊಂಡಿರುತ್ತವೆ. ಹಣ್ಣಿನ ಚೀಲ ಕೈಯಲ್ಲಿದ್ದರೆ ನೇರ ನಿಮ್ಮ ಹತ್ತಿರವೇ ಬರುತ್ತವೆ. ನೋಡಲು ಗುಡಿ ಚಿಕ್ಕದು. ದೊಡ್ಡ ಗೋಪುರದ ನಿರೀಕ್ಷೆಯಲ್ಲಿ ಹೋದವರಿಗೆ 'ಇಷ್ಟೇನಾ' ಅನ್ನಿಸುವುದುಂಟು. ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ (ಹಾಸನದಿಂದ): ನಮಗೆ ನೇಪಾಳ ಸಾಕು. ಪಶುಪತಿನಾಥ, ಗುಹ್ಯೇಶ್ವರಿ, ಮನಕಾಮನಾ. ಆಧಾರ್ ಇದ್ದರೆ ಆಯ್ತಲ್ವಾ?

ಉತ್ತರ: ಈ ಆಧಾರ್ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಆರಂಭದ ದಿನಗಳಲ್ಲಿ ನಮ್ಮ ತಂಡದ ಒಬ್ಬರು ಬರೀ ಆಧಾರ್ ತಂದಿದ್ದರು. ನಾನು ನೋಡಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಅವರನ್ನು ಬಿಟ್ಟು ಉಳಿದವರು ಒಳಗೆ ಹೋದೆವು. ಅವರು ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದು ಇನ್ನೂ ಕಣ್ಣ ಮುಂದಿದೆ.

ವೀಸಾ ಬೇಡ, ಸರಿ. ಆದರೆ 15ರಿಂದ 65 ವರ್ಷದೊಳಗಿನವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಕಾರ್ಡ್ ಬೇಕು. ಒರಿಜಿನಲ್ಲೇ ಬೇಕು, ಮೊಬೈಲಿನ ಫೋಟೊ ನಡೆಯುವುದಿಲ್ಲ. 65 ದಾಟಿದವರು, 15ರೊಳಗಿನ ಮಕ್ಕಳು ಮಾತ್ರ ಆಧಾರ್‌ನಂಥ ಫೋಟೊ ಇರುವ, ವಯಸ್ಸು ತೋರಿಸುವ ದಾಖಲೆ ತರಬಹುದು. ದುಡ್ಡಿನ ಲೆಕ್ಕ ಸುಲಭ. ನಮ್ಮ 100 ರೂಪಾಯಿ ಅಂದರೆ ಅವರ 160.

ಕಠ್ಮಂಡುವಿನಲ್ಲಿ ಮೊದಲು ಗುಹ್ಯೇಶ್ವರಿ, ಆಮೇಲೆ ಪಶುಪತಿನಾಥ. ಅಲ್ಲಿನವರ ಪದ್ಧತಿಯೂ ಅದೇ. ಎರಡೂ ಬಾಗ್ಮತಿ ನದಿಯ ದಂಡೆಯಲ್ಲಿ ಹತ್ತಿರ ಹತ್ತಿರವೇ ಇವೆ. ಗುಹ್ಯೇಶ್ವರಿಯನ್ನು 17ನೇ ಶತಮಾನದಲ್ಲಿ ಪ್ರತಾಪ ಮಲ್ಲ ರಾಜ ಕಟ್ಟಿಸಿದ. ಒಳಗೆ ವಿಗ್ರಹ ಹುಡುಕಬೇಡಿ. ನೆಲಮಟ್ಟದಲ್ಲಿ ಒಂದು ಕಲಶ, ಅದರ ಕೆಳಗೆ ನೀರಿನ ಒರತೆ. ಅದೇ ದೇವಿ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣದಿಂದ, ಅದರಲ್ಲೂ ಜಾಸ್ತಿ ನಮ್ಮ ಕರ್ನಾಟಕದಿಂದ ಹೋದವರು. ಹಾಗಂತ ಸಾಲಿನಲ್ಲಿ ನಿಂತು 'ನಾವು ಕನ್ನಡದವರು' ಅಂತ ಕೂಗಬೇಡಿ, ಪ್ಲೀಸ್. ಒಂದು ತಂಡದಲ್ಲಿ ಹಾಗೂ ಆಗಿದೆ.

ಮನಕಾಮನಾ ಇರುವುದು ಗೋರ್ಖಾ ಜಿಲ್ಲೆಯಲ್ಲಿ, ಕಠ್ಮಂಡುವಿನಿಂದ ಪೋಖರಾಕ್ಕೆ ಹೋಗುವ ದಾರಿಗೆ ಹತ್ತಿರ. 51ರ ಪಟ್ಟಿಯ ಪೀಠ ಅಲ್ಲ, ಆದರೆ ನೇಪಾಳಿಗಳಿಗೆ ಮನಸ್ಸಿನ ಆಸೆ ಈಡೇರಿಸುವ ತಾಯಿ. ಗೋರ್ಖಾದ ರಾಣಿಯೊಬ್ಬಳು ದೇವಿಯೇ ಆಗಿದ್ದಳು, ಆ ಗುಟ್ಟು ಲಖನ್ ಥಾಪಾ ಎಂಬ ಭಕ್ತನಿಗೆ ಮಾತ್ರ ಗೊತ್ತಿತ್ತು ಅಂತ ಕಥೆ. ರಾಣಿ ಸತಿ ಹೋದ ಮೇಲೆ ರೈತನೊಬ್ಬನ ಏಟಿಗೆ ಕಲ್ಲಿನಿಂದ ರಕ್ತವೂ ಹಾಲೂ ಹರಿಯಿತಂತೆ. ಲಖನ್ ಬಂದು ಪೂಜೆ ಮಾಡಿದ ಮೇಲೆ ನಿಂತಿತಂತೆ. ಇವತ್ತಿಗೂ ಅಲ್ಲಿ ಪೂಜಾರಿಗಳು ಬ್ರಾಹ್ಮಣರಲ್ಲ, ಅವನ ವಂಶದ ಮಗರ್ ಜನ. 2015ರ ಭೂಕಂಪಕ್ಕೆ ಗುಡಿ ಜಖಂ ಆಗಿತ್ತು, ಈಗ ರಿಪೇರಿಯಾಗಿ ನಿಂತಿದೆ.

1998ರಿಂದ ಕೇಬಲ್ ಕಾರ್ ಇದೆ. ಕೆಳಗಿನ ನಿಲ್ದಾಣ 258 ಮೀಟರ್ ಎತ್ತರದಲ್ಲಿ, ಗುಡಿ 1302 ಮೀಟರ್ ಎತ್ತರದಲ್ಲಿ. ಹತ್ತು ನಿಮಿಷದಲ್ಲಿ ಮೇಲಿರುತ್ತೀರಿ. ಮಧ್ಯಾಹ್ನ ಊಟದ ಹೊತ್ತಿಗೆ ನಿಲ್ಲಿಸಿಬಿಡುತ್ತಾರೆ, ಹಾಗಾಗಿ ಬೆಳಿಗ್ಗೆಯೇ ಹೋಗಿ. ಶನಿವಾರವಂತೂ ಬೇಡವೇ ಬೇಡ. ನೇಪಾಳದಲ್ಲಿ ಅವತ್ತು ವಾರದ ರಜೆ.

ಪ್ರಶ್ನೆ (ಸಾಗರದಿಂದ): ಅಲ್ಲಿ ಬಲಿ ಕೊಡುತ್ತಾರಂತೆ, ಹೌದಾ? ಮಕ್ಕಳು ಜೊತೆಗಿದ್ದಾರೆ.

ಉತ್ತರ: ಹೌದು. ಕೇಬಲ್ ಕಾರಿನಲ್ಲಿ ಮೇಕೆಗೂ ಟಿಕೆಟ್ ಇದೆ, ಹೋಗುವುದಕ್ಕೆ ಮಾತ್ರ. ನಮ್ಮ ತಂಡದ ಹುಡುಗನೊಬ್ಬ ದರಪಟ್ಟಿ ಓದಿ, 'ಅಂಕಲ್, ಮೇಕೆಗೆ ರಿಟರ್ನ್ ಯಾಕಿಲ್ಲ?' ಅಂತ ಕೇಳಿದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನ ಅಜ್ಜಿ 'ಅದು ಅಲ್ಲೇ ಇರುತ್ತೆ ಮಗಾ' ಅಂದರು. ನಮ್ಮೂರ ಮಾರಿಜಾತ್ರೆ ಕಂಡವರಿಗೆ ಇದು ಹೊಸದೇನಲ್ಲ. ಆದರೆ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಕಠ್ಮಂಡು ಹತ್ತಿರದ ದಕ್ಷಿಣಕಾಳಿಗೆ ಹೋಗುವುದಾದರೆ ಮಂಗಳವಾರ, ಶನಿವಾರ ತಪ್ಪಿಸಿ. ಬಲಿ ಜಾಸ್ತಿ ಆ ದಿನಗಳಲ್ಲೇ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ಶಾರದಾಪೀಠ, ಹಿಂಗ್ಲಾಜ್, ಢಾಕೇಶ್ವರಿ?

ಉತ್ತರ: ಶೃಂಗೇರಿ ಪಕ್ಕದಲ್ಲೇ ಇರುವವರು ಕೇಳಲೇಬೇಕಾದ ಪ್ರಶ್ನೆ. 'ಕಾಶ್ಮೀರಪುರವಾಸಿನಿ' ಅಂತ ಮಕ್ಕಳು ದಿನಾ ಹೇಳುವುದು ಆ ತಾಯಿಯನ್ನೇ. ಮೂಲಸ್ಥಾನ ಪಾಕ್ ಆಕ್ರಮಿತ ಕಾಶ್ಮೀರದ ನೀಲಂ ಕಣಿವೆಯಲ್ಲಿದೆ. ಅಲ್ಲಿ ಉಳಿದಿರುವುದು ಕಲ್ಲಿನ ಗೋಡೆಗಳು ಮಾತ್ರ, ನಮಗೆ ದಾರಿ ಇಲ್ಲ. ಆದರೆ ಈಚೆ ದಡದಲ್ಲಿ, ಕುಪ್ವಾರಾ ಜಿಲ್ಲೆಯ ಟೀಟ್ವಾಲ್‌ನಲ್ಲಿ 2023ರ ಮಾರ್ಚ್ 22ರಂದು ಹೊಸ ಶಾರದಾ ಮಂದಿರ ತೆರೆಯಿತು. ಕಿಶನ್‌ಗಂಗಾ ನದಿಯ ದಂಡೆ, ಎದುರು ದಡ ಅವರದು. ಅಲ್ಲಿರುವ ಪಂಚಲೋಹದ ವಿಗ್ರಹ ಹೋಗಿದ್ದು ಶೃಂಗೇರಿಯಿಂದ. ನನ್ನ ಕೇಳಿದರೆ ನೀವು ಮೊದಲು ಹೋಗಬೇಕಾದ್ದು ಅಲ್ಲಿಗೆ.

ಹಿಂಗ್ಲಾಜ್ ಬಲೂಚಿಸ್ತಾನದ ಗುಹೆಯಲ್ಲಿದೆ. ಸಿಂಧೂರ ಬಳಿದ, ರೂಪವಿಲ್ಲದ ಕಲ್ಲು. ಏಪ್ರಿಲ್ ಜಾತ್ರೆಗೆ ಸಿಂಧ್‌ನ ಹಿಂದೂಗಳು ಸಾಗರೋಪಾದಿಯಲ್ಲಿ ಬರುತ್ತಾರೆ. ದಾರಿಯಲ್ಲಿ ಚಂದ್ರಗುಪ್ ಎಂಬ ಕೆಸರು ಉಗುಳುವ ಗುಡ್ಡ ಹತ್ತಿ ತೆಂಗಿನಕಾಯಿ ಅರ್ಪಿಸುತ್ತಾರೆ. ಅಲ್ಲಿನ ಮುಸ್ಲಿಮರೂ ಆ ಜಾಗವನ್ನು 'ನಾನಿ ಮಂದಿರ' ಅಂತ ಗೌರವದಿಂದ ಕಾಣುತ್ತಾರೆ. 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ಗಡಿ ಮುಚ್ಚಿದ ಮೇಲೆ ನಾನಂತೂ ಪಾಕಿಸ್ತಾನದ ಬುಕಿಂಗ್ ತೆಗೆದುಕೊಳ್ಳುತ್ತಿಲ್ಲ.

ಢಾಕೇಶ್ವರಿಯ ಗುಡಿ ಢಾಕಾದಲ್ಲಿದೆ, ಮೂಲ ವಿಗ್ರಹ ಇರುವುದು ಕೋಲ್ಕತ್ತದ ಕುಮಾರ್‌ಟುಲಿಯಲ್ಲಿ. ದೇಶ ವಿಭಜನೆ ಹೊತ್ತಿಗೆ ತಂದರು. ವೀಸಾ ಇಲ್ಲದೆ ಹೋಗಿ ಕೈ ಮುಗಿದು ಬರಬಹುದು.

ಪ್ರಶ್ನೆ (ಮತ್ತೆ ಮೈಸೂರಿನಿಂದ): ಅಮ್ಮನಿಗೆ ಓದಿ ಹೇಳಿದೆ. 'ಹಾಗಾದರೆ ಲಂಕೆಗೇ ಬುಕ್ ಮಾಡು' ಅಂದರು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಯಾವಾಗ ಹೋಗುವುದು ಒಳ್ಳೇದು?

ಉತ್ತರ: ಪಾಸ್‌ಪೋರ್ಟಿಗೆ ನಾಳೆಯೇ ಅರ್ಜಿ ಹಾಕಿ. ಲಂಕೆಯ ಅನುಮತಿ ಆನ್‌ಲೈನಿನಲ್ಲೇ ಸಿಗುತ್ತದೆ. ತ್ರಿಂಕೋಮಲಿಯಲ್ಲಿ ಅಕ್ಟೋಬರ್‌ನಿಂದ ಜನವರಿವರೆಗೆ ಹಿಂಗಾರು ಮಳೆ, ಕಡಲೂ ಒರಟು. ಏಪ್ರಿಲ್ ದಾಟಿದ ಮೇಲೆ ಇಟ್ಟುಕೊಳ್ಳಿ. ಬಿಸಿಲಿಗೆ ಬಂಡೆ ಕಾದಿರುತ್ತದೆ, ಚಪ್ಪಲಿ ಬಿಟ್ಟು ನಡೆಯಬೇಕು. ಅಮ್ಮನಿಗೆ ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿ ಹಾಕಿಡಿ.